ಬಣ್ಣ ಹೋಗಿದೆಯಾ, ಅಡಗಿದೆಯಾ? ಮಾಸಿದ ಬಟ್ಟೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಮಳೆ ನಿಂತು ಕಪಾಟು ತೆರೆದವರ ಪತ್ರಗಳೇ ಈ ಸಲ ಜಾಸ್ತಿ. ಉಡುಪಿಯ ಕುಂಜಿಬೆಟ್ಟಿನ ನಮ್ಮ ಅಂಗಡಿಯಲ್ಲಿ ಡ್ರೈಕ್ಲೀನಿಂಗೂ ಉಂಟು, ಬಟ್ಟೆಗೆ ಬಣ್ಣ ಹಾಕುವ ಕೆಲಸವೂ ಉಂಟು. ಕೌಂಟರಿಗೆ ಬಂದವರು "ಬಣ್ಣ ಹೋಗಿದೆ" ಎಂದು ಬಟ್ಟೆ ಇಟ್ಟ ಕೂಡಲೇ ನಾನು ಬಣ್ಣದ ಡಬ್ಬಿ ತೆಗೆಯುವುದಿಲ್ಲ. ಮೊದಲು ಬಟ್ಟೆಯನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತೇನೆ. ಬಣ್ಣ ನಿಜವಾಗಿ ಹೋಗಿದೆಯಾ, ಇಲ್ಲಾ ಮೇಲೆ ಏನೋ ಕೂತು ಅಡಗಿದೆಯಾ ಎನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬಂದರೆ ಬೇಜಾರು ಮಾಡಬೇಡಿ.

ಪ್ರಶ್ನೆ: ಅಕ್ಕ, ನನ್ನ ಎರಡು ಕಪ್ಪು ಹತ್ತಿ ಪ್ಯಾಂಟುಗಳು ವರ್ಷ ಆಗುವ ಮೊದಲೇ ಬೂದಿ ಬಣ್ಣಕ್ಕೆ ತಿರುಗಿವೆ. ಹಾಸ್ಟೆಲಿನಲ್ಲಿ ಮೆಷಿನ್‌ಗೆ ಹಾಕುತ್ತೇನೆ. ಕಾಫಿ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಮತ್ತೆ ಕಪ್ಪಾಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ಮಾಡಬಹುದಾ?
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಡಿಕಾಕ್ಷನ್‌ಗೆ ಹಾಲು ಸಕ್ಕರೆ ಹಾಕಿ ಕುಡಿಯಿರಿ. ಕಾಫಿ ಬಟ್ಟೆಗೆ ಕೊಡುವುದು ಕಂದು ಕಲೆ, ಕಪ್ಪು ಬಣ್ಣ ಅಲ್ಲ. ಒಂದೆರಡು ಒಗೆತಕ್ಕೆ ಅದೂ ಹೋಗುತ್ತದೆ.

ಮೊದಲು ಎರಡು ಪರೀಕ್ಷೆ ಮಾಡಿ. ಪ್ಯಾಂಟಿನ ಕೆಳ ಅಂಚಿನ ಮಡಿಕೆಯ ಒಳಗೆ ನೋಡಿ. ಅಲ್ಲಿ ಕಡುಕಪ್ಪು ಇದ್ದು ತೊಡೆ, ಮೊಣಕಾಲಿನ ಹತ್ತಿರ ಮಾತ್ರ ಬಿಳಿಚಿದ್ದರೆ ಅದು ಬಿಸಿಲು ಅಥವಾ ಉಜ್ಜಾಟದ ಕೆಲಸ. ಮಡಿಕೆಯ ಒಳಗೂ ಹೊರಗೂ ಒಂದೇ ತರಹ ಬೂದಿ ಬಡಿದಂತೆ ಇದ್ದರೆ ಎರಡನೆಯ ಪರೀಕ್ಷೆಗೆ ಬನ್ನಿ. ಒಗೆದು ಒಣಗಿಸಿದ ಆ ಪ್ಯಾಂಟನ್ನು ಅರ್ಧ ಬಾಲ್ದಿ ಬೆಚ್ಚಗಿನ ನೀರಿಗೆ ಹಾಕಿ, ಸೋಪು ಏನೂ ಹಾಕದೆ ಕೈಯಲ್ಲಿ ಚೆನ್ನಾಗಿ ಅದ್ದಿ ಎತ್ತಿ. ನೊರೆ ಬಂತಾ? ಬಂದರೆ ಅದು ಹಿಂದಿನ ಒಗೆತಗಳ ಸೋಪು. ಬಣ್ಣ ಎಲ್ಲೂ ಹೋಗಿಲ್ಲ, ಸೋಪಿನ ಪದರದ ಕೆಳಗೆ ಇದೆ.

ಕರಾವಳಿಯಲ್ಲಿ ಇದು ಯಾಕೆ ಜಾಸ್ತಿ ಎಂದರೆ, ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಚಿಟಿಕೆ ಪೌಡರಿಗೂ ಬಾಲ್ದಿ ತುಂಬ ನೊರೆ ಬರುತ್ತದೆ, ಆದರೆ ಆ ನೊರೆ ಅಷ್ಟು ಸುಲಭದಲ್ಲಿ ಬಿಡುವುದಿಲ್ಲ. ಬೋರ್‌ವೆಲ್‌ನ ಗಡಸು ನೀರಿಗೆ ಬೇಕಾಗುವಷ್ಟು ಪೌಡರನ್ನು ನಾವು ಬಾವಿ ನೀರಿಗೂ ಸುರಿಯುತ್ತೇವೆ. ಮೆಷಿನ್‌ನಲ್ಲಿ ಬಟ್ಟೆ ಒತ್ತೊತ್ತಾಗಿ ತುಂಬಿದರಂತೂ ಕೇಳುವುದೇ ಬೇಡ.

ಸೋಪಿನ ಪದರವಾದರೆ ಖರ್ಚಿಲ್ಲದ ಕೆಲಸ. ಅರ್ಧ ಬಾಲ್ದಿ, ಅಂದರೆ ಸುಮಾರು 10 ಲೀಟರ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಪ್ಯಾಂಟನ್ನು 20 ನಿಮಿಷ ಇಡಿ. ಆಮೇಲೆ ಸಾದಾ ನೀರಿನಲ್ಲಿ ನೊರೆ ಬಿಡುವವರೆಗೆ ಜಾಲಾಡಿ. ಇನ್ನು ಮುಂದೆ ಈಗ ಹಾಕುವ ಪೌಡರಿನ ಅರ್ಧ ಮಾತ್ರ ಹಾಕಿ.

ನೊರೆ ಬರಲಿಲ್ಲ ಅಂದರೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೇಲೆ ಸಣ್ಣ ಜುಂಗು ಎದ್ದಿದೆಯಾ? ಹತ್ತಿಯ ಎಳೆ ಉಜ್ಜಿ ಉಜ್ಜಿ ತುದಿ ಎದ್ದು ನಿಂತರೆ ಬೆಳಕು ಅಲ್ಲಿ ಚದುರುತ್ತದೆ, ಕಪ್ಪು ಬೂದಿಯಾಗಿ ಕಾಣುತ್ತದೆ. ಇದಕ್ಕೆ ಬ್ಯಾಟರಿಯಲ್ಲಿ ಓಡುವ ಜುಂಗು ತೆಗೆಯುವ ಪುಟ್ಟ ಮೆಷಿನ್ ಸಿಗುತ್ತದೆ. ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿ, ಒತ್ತದೆ ಮೆಲ್ಲಗೆ ಓಡಿಸಿ. ಮುಂದೆ ಕಪ್ಪು ಬಟ್ಟೆಯನ್ನು ಒಳಮೈ ಹೊರಗೆ ಮಾಡಿಯೇ ಒಗೆಯಿರಿ. ಟವೆಲಿನ ಜೊತೆ, ಜಿಪ್ ಇರುವ ಜೀನ್ಸ್ ಜೊತೆ ಹಾಕಬೇಡಿ.

ಇದು ಯಾವುದೂ ಅಲ್ಲ, ನಿಜಕ್ಕೂ ಬಣ್ಣವೇ ಹೋಗಿದೆ ಎಂದಾದರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಮಾಸಿದ ಹತ್ತಿ ಚೂಡಿದಾರ ಟಾಪಿಗೆ ಮನೆಯಲ್ಲೇ ಬಣ್ಣ ಹಾಕಬಹುದಾ? ಹಿಂದೆ ಒಮ್ಮೆ ಪೇಟೆಯಿಂದ ಪುಡಿ ತಂದು ಕುದಿಸಿ ಹಾಕಿದ್ದೆ. ಎರಡೇ ಒಗೆತಕ್ಕೆ ಬಣ್ಣ ಎಲ್ಲ ನೀರಿಗೆ ಹೋಯಿತು.
— ಗೃಹಿಣಿ, ಬ್ರಹ್ಮಾವರ

ಉತ್ತರ: ಧಾರಾಳವಾಗಿ ಹಾಕಬಹುದು. ನೀವು ಆವಾಗ ತಂದದ್ದು ಡೈರೆಕ್ಟ್ ಡೈ ಇರಬೇಕು. ಅದು ಹತ್ತಿಯ ಎಳೆಗೆ ಸುಮ್ನೆ ಅಂಟಿ ಕೂತಿರುತ್ತದೆ, ನೀರು ಸಿಕ್ಕಿದಾಗ ಎದ್ದು ಹೊರಡುತ್ತದೆ. ಈ ಸಲ ಅಂಗಡಿಯಲ್ಲಿ ಕೇಳುವಾಗ "ರಿಯಾಕ್ಟಿವ್ ಬಣ್ಣ, ತಣ್ಣೀರಿನದ್ದು" ಎಂದು ಕೇಳಿ. ಕೋಲ್ಡ್ ಬ್ರ್ಯಾಂಡ್ ಎಂದರೂ ಕೊಡುತ್ತಾರೆ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಮೊದಲು ಮಾರುಕಟ್ಟೆಗೆ ತಂದ ಬಗೆ ಇದು. ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದರಿಂದ ಒಗೆತಕ್ಕೆ ಸುಲಭದಲ್ಲಿ ಜಗ್ಗುವುದಿಲ್ಲ. ಬಣ್ಣ ಹಾಕುವಾಗ ಕುದಿಸುವ ಕೆಲಸವೂ ಇಲ್ಲ.

ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಒಣ ಬಟ್ಟೆ 250 ಗ್ರಾಂ ಇದ್ದರೆ ನೀರು 5 ಲೀಟರ್, ಬಣ್ಣ 5ರಿಂದ 10 ಗ್ರಾಂ, ಕಲ್ಲುಪ್ಪು 250 ಗ್ರಾಂ, ವಾಷಿಂಗ್ ಸೋಡಾ 100 ಗ್ರಾಂ. ಕಪ್ಪು ಬೇಕಾದರೆ ಬಣ್ಣ 20 ಗ್ರಾಂವರೆಗೆ ಬೇಕು, ಉಪ್ಪೂ ಎರಡು ಪಟ್ಟು. ವಾಷಿಂಗ್ ಸೋಡಾ ಅಂದರೆ ಇಡ್ಲಿ ಹಿಟ್ಟಿಗೆ ಹಾಕುವ ಸೋಡಾ ಅಲ್ಲ, ಬಟ್ಟೆಯದ್ದು. ಬಣ್ಣ ಬಟ್ಟೆಗೆ ಬೆಸೆಯುವುದೇ ಅದರ ಕ್ಷಾರ ಗುಣದಿಂದ.

ಬಟ್ಟೆಯನ್ನು ಮೊದಲು ಗಂಜಿ, ಎಣ್ಣೆ, ಬೆವರು ಏನೂ ಉಳಿಯದಂತೆ ಒಗೆದು, ಒದ್ದೆ ಇರುವಾಗಲೇ ಹಾಕಬೇಕು. ಒಣ ಬಟ್ಟೆಗೆ ಹಾಕಿದರೆ ತೇಪೆ ತೇಪೆಯಾಗಿ ಹಿಡಿಯುತ್ತದೆ. ಬಣ್ಣದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಬಾಲ್ದಿಗೆ ಸುರಿಯಿರಿ. ಬಟ್ಟೆ ಮುಳುಗಿಸಿ. ಉಪ್ಪನ್ನು ಮೂರು ಸಲಕ್ಕೆ ಹಂಚಿ ಹಾಕುತ್ತಾ ಅರ್ಧ ಗಂಟೆ ಕೈಯಾಡಿಸುತ್ತಲೇ ಇರಿ. ಫೋನ್ ಬಂತೆಂದು ಎದ್ದು ಹೋದರೆ ಮಡಿಕೆಯ ಗುರುತು ಬೀಳುತ್ತದೆ. ಆಮೇಲೆ ಸೋಡಾವನ್ನು ಬೇರೆ ನೀರಿನಲ್ಲಿ ಕರಗಿಸಿ ಹಾಕಿ. ನೇರ ಬಟ್ಟೆಯ ಮೇಲೆ ಸುರಿಯಬೇಡಿ, ಬಟ್ಟೆಯನ್ನು ಒಂದು ಬದಿಗೆ ಸರಿಸಿ ಸುರಿಯಿರಿ. ಅಲ್ಲಿಂದ ಇನ್ನೊಂದು ಗಂಟೆ, ಆಗಾಗ ತಿರುಗಿಸುತ್ತಾ.

ಕೊನೆಯ ಕೆಲಸವನ್ನೇ ಎಲ್ಲರೂ ಬಿಡುವುದು. ತಣ್ಣೀರಿನಲ್ಲಿ ಚೆನ್ನಾಗಿ ಜಾಲಾಡಿದ ಮೇಲೆ ಸ್ವಲ್ಪ ಸೋಪು ಹಾಕಿದ ಕುದಿ ನೀರಿನಲ್ಲಿ ಹತ್ತು ನಿಮಿಷ ಇಡಬೇಕು. ಬೆಸೆಯದೆ ಉಳಿದ ಬಣ್ಣ ಹೊರಗೆ ಬರುವುದು ಆಗ. ಇದನ್ನು ಮಾಡದೆ ಹೋದರೆ ಮುಂದಿನ ಒಗೆತದಲ್ಲಿ ಗಂಡನ ಬನಿಯಾನು ನೀಲಿಯಾಗುತ್ತದೆ.

ಕೈಗವಸು, ಮೂಗಿಗೆ ಮಾಸ್ಕ್ ಇರಲಿ. ಪುಡಿ ಹಾರಿ ಉಸಿರಿಗೆ ಹೋಗಬಾರದು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಎರಡು ವಿಷಯ ಮೊದಲೇ ತಿಳಿದಿರಲಿ. ಬಟ್ಟೆಯಲ್ಲಿ ಉಳಿದಿರುವ ಹಳೇ ಬಣ್ಣದ ಮೇಲೆ ಹೊಸದು ಕೂರುತ್ತದೆ, ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರೇ ಬರುವುದು. ಇನ್ನೊಂದು, ಹೊಲಿಗೆಯ ನೂಲು ಹೆಚ್ಚಾಗಿ ಪಾಲಿಯೆಸ್ಟರ್. ಅದು ಬಣ್ಣ ಹಿಡಿಯದೆ ಹಾಗೇ ಉಳಿಯುತ್ತದೆ. ಕೆಲವರಿಗೆ ಅದು ಡಿಸೈನಿನಂತೆ ಇಷ್ಟವಾಗುತ್ತದೆ. ನನಗೆ ಆಗುವುದಿಲ್ಲ.

ಪ್ರಶ್ನೆ: ಹೊಸ ಕೆಂಪು ಹತ್ತಿ ಸೀರೆ ಬಣ್ಣ ಬಿಡುತ್ತಿದೆ. ಅತ್ತೆ ಉಪ್ಪು ನೀರಿನಲ್ಲಿ ಇಡು ಅನ್ನುತ್ತಾರೆ, ಅಮ್ಮ ವಿನೆಗರ್ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಕಾರ್ಕಳ

ಉತ್ತರ: ಮನೆಯಲ್ಲಿ ಜಗಳ ಹಚ್ಚಿದ ಪಾಪ ನನಗೆ ಬೇಡ. ಇಬ್ಬರ ಮಾತಿಗೂ ಒಂದೊಂದು ಬೇರು ಉಂಟು, ಆದರೆ ನಿಮ್ಮ ಸೀರೆಗೆ ಎರಡೂ ಉಪಯೋಗಕ್ಕೆ ಬರುವುದಿಲ್ಲ.

ಉಪ್ಪು ಬೇಕಾಗುವುದು ಬಣ್ಣ ಹಾಕುವ ಹೊತ್ತಿನಲ್ಲಿ. ನೀರಿನಲ್ಲಿರುವ ಬಣ್ಣವನ್ನು ಎಳೆಯ ಕಡೆಗೆ ತಳ್ಳುವುದು ಅದರ ಕೆಲಸ. ಡೈರೆಕ್ಟ್ ಡೈ ಹಾಕಿದ ಬಟ್ಟೆಯನ್ನು ಉಪ್ಪು ನೀರಿನಲ್ಲಿ ಇಟ್ಟರೆ ಅಷ್ಟು ಹೊತ್ತು ಬಣ್ಣ ಕಡಿಮೆ ಬಿಡಬಹುದು. ಮುಂದಿನ ಸಲ ಸಾದಾ ನೀರಿಗೆ ಹಾಕಿದಾಗ ಮತ್ತೆ ಶುರು. ವಿನೆಗರ್ ಬೇಕಾಗುವುದು ರೇಷ್ಮೆಗೆ, ಉಣ್ಣೆಗೆ. ಅವುಗಳಿಗೆ ಹಾಕುವ ಆಸಿಡ್ ಡೈ ಹುಳಿಯಲ್ಲಿ ಹಿಡಿಯುತ್ತದೆ. ಹತ್ತಿಯ ಬಣ್ಣ ಹುಳಿಗೆ ಗಟ್ಟಿಯಾಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಸೀರೆಯೊಂದನ್ನೇ ಬೇರೆಯಾಗಿ, ಜಾಸ್ತಿ ತಣ್ಣೀರಿನಲ್ಲಿ ಬೇಗ ಬೇಗ ಅದ್ದಿ ತೆಗೆಯಿರಿ. ನೆನೆ ಹಾಕಿ ಬಿಡಬೇಡಿ. ನೀರು ಬದಲಾಯಿಸುತ್ತಾ ನಾಲ್ಕೈದು ಸಲ ಮಾಡಿ. ನೀರಿನ ಕೆಂಪು ಸಲದಿಂದ ಸಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದೆ ಬಿಟ್ಟ ಹೆಚ್ಚುವರಿ ಬಣ್ಣ, ಚಿಂತೆ ಇಲ್ಲ. ಎಷ್ಟು ನೀರು ಹಾಕಿದರೂ ಅಷ್ಟೇ ಕೆಂಪು ಬಂದರೆ ಡೈರೆಕ್ಟ್ ಡೈ. ಅದಕ್ಕೆ ಬಣ್ಣದ ಅಂಗಡಿಯಲ್ಲಿ ಡೈ ಫಿಕ್ಸರ್ ಎಂಬ ದ್ರಾವಣ ಸಿಗುತ್ತದೆ, ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಬಳಸಿ. ಮತ್ತೆ ಈ ಸೀರೆಯನ್ನು ಹಿಂಡಿ ಸುರುಳಿ ಮಾಡಿ ಬಾಲ್ದಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಕೆಂಪು ಅಂಚಿಗೆ ದಾಟುವುದು ನೀರಿನಲ್ಲಿ ಇರುವಾಗಲ್ಲ, ಹೀಗೆ ಒದ್ದೆ ಮುದ್ದೆಯಾಗಿ ಕೂತಿರುವಾಗ.

ಪ್ರಶ್ನೆ: ಮಗಳೇ, ನನ್ನ ಹತ್ತಿರ ನಮ್ಮ ಅತ್ತೆಯವರ ಕಾಲದ ಎರಡು ಉಡುಪಿ ಸೀರೆಗಳಿವೆ. ಚೌಕುಳಿಯ ಬಣ್ಣ ಮಂಕಾಗಿದೆ. ಮೊಮ್ಮಗಳಿಗೆ ಕೊಡುವ ಮೊದಲು ಬಣ್ಣ ಹಾಕಿಸಬೇಕೆಂದಿದ್ದೇನೆ. ಅವಳೇ ಕಳೆದ ವರ್ಷ ಅಡಿಕೆ ಬಣ್ಣದ ಒಂದು ಹೊಸ ಸೀರೆ ತಂದುಕೊಟ್ಟಿದ್ದಾಳೆ, ಅದರಲ್ಲಿ ಆಗಲೇ ಕಪ್ಪು ಕಪ್ಪು ಚುಕ್ಕೆ ಬಂದಿದೆ.
— ಕಿನ್ನಿಗೋಳಿ ಹತ್ತಿರದ ಒಬ್ಬ ಅಜ್ಜಿ

ಉತ್ತರ: ಅಮ್ಮ, ಹಳೇ ಸೀರೆಗಳಿಗೆ ದಯವಿಟ್ಟು ಬಣ್ಣ ಹಾಕಿಸಬೇಡಿ. ಹಾಕಿದರೆ ಚೌಕುಳಿ, ಅಂಚು, ಸೆರಗು ಎಲ್ಲ ಒಂದೇ ಬಣ್ಣದಲ್ಲಿ ಮುಳುಗುತ್ತವೆ. ಉಡುಪಿ ಸೀರೆಯ ಚಂದ ಇರುವುದೇ ಆ ಬೇರೆ ಬೇರೆ ನೂಲಿನಲ್ಲಿ. 80, 100 ಕೌಂಟಿನ ಒಂಟಿ ಎಳೆಯ ನೂಲಿನಲ್ಲಿ ಅದನ್ನು ನೇಯುತ್ತಾರೆ. ಕೌಂಟು ಏರಿದಷ್ಟೂ ನೂಲು ತೆಳು, ಹಾಗಾಗಿಯೇ ಸೆಕೆಗೆ ಅಷ್ಟು ಹಿತ. ಹಳೆಯದಾದ ತೆಳು ನೂಲು ಸೋಡಾ, ಕುದಿ ನೀರು, ಕೈಯಾಡಿಸುವುದು ಎಲ್ಲವನ್ನೂ ತಡೆದುಕೊಳ್ಳುತ್ತದೆಂದು ನಾನು ಮಾತು ಕೊಡಲಾರೆ. 2016ರಲ್ಲಿ ಈ ಸೀರೆಗೆ ಜಿಐ, ಅಂದರೆ ಈ ಊರಿನದ್ದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ ಮೇಲೆ ಕೇಳುವವರು ಹೆಚ್ಚಾಗಿದ್ದಾರೆ. ನಿಮ್ಮೂರಿನಲ್ಲೇ ತಾಳಿಪಾಡಿ ನೇಕಾರರ ಸಂಘ ಉಂಟಲ್ವಾ, ಅಲ್ಲಿ ಒಮ್ಮೆ ತೋರಿಸಿ. ಆ ನೂಲಿನ ಗುಣ ನೇಯುವವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ.

ಮಂಕು ತೆಗೆಯಲು ಅಂಟುವಾಳ ಸಾಕು. ಬೀಜ ತೆಗೆದ ಎಂಟು ಹತ್ತು ಸಿಪ್ಪೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹಿಸುಕಿ ಬಟ್ಟೆಯಲ್ಲಿ ಸೋಸಿ. ಆ ನೊರೆ ನೀರಿನಲ್ಲಿ ಸೀರೆಯನ್ನು ಸ್ವಲ್ಪ ಹೊತ್ತು ಅದ್ದಿ, ಉಜ್ಜದೆ ಒತ್ತಿ ಒತ್ತಿ ತೊಳೆಯಿರಿ. ಅಚ್ಚ ಬಿಳಿ ಬಟ್ಟೆಗೆ ಮಾತ್ರ ಇದು ಬೇಡ, ತುಸು ಕಂದು ಛಾಯೆ ಬರುತ್ತದೆ. ಆಮೇಲೆ ತೆಳು ಗಂಜಿ ಕೊಟ್ಟು ಮಾಡಿನ ಕೆಳಗೆ ನೆರಳಿನಲ್ಲಿ ಒಣಗಿಸಿ. ಗಂಜಿ ಕೊಟ್ಟ ಹತ್ತಿಯಲ್ಲಿ ಎದ್ದ ಜುಂಗು ಮಲಗುತ್ತದೆ, ಅರ್ಧ ಮಂಕು ಅಷ್ಟಕ್ಕೇ ಹೋಗುತ್ತದೆ. ಆದರೆ ಗಂಜಿ ಹಾಕಿದ ಸೀರೆಯನ್ನು ಮಳೆಗಾಲಕ್ಕೆ ಮಡಿಸಿ ಇಡಬೇಡಿ. ಬೂಷ್ಟಿಗೆ, ಹುಳಕ್ಕೆ ಗಂಜಿ ಅಂದರೆ ಊಟ. ಇಡುವ ಮೊದಲು ಗಂಜಿ ತೊಳೆದು, ಪೂರ್ತಿ ಒಣಗಿಸಿ, ಹಳೇ ಪಂಚೆಯಲ್ಲಿ ಸುತ್ತಿಡಿ.

ಅಡಿಕೆ ಬಣ್ಣದ ಸೀರೆಯ ಕಪ್ಪು ಚುಕ್ಕೆ ಬೇರೆ ಕಥೆ. ಅದು ಅಡಿಕೆಯ ಚೊಗರಿನಿಂದ, ಅಂದರೆ ಅಡಿಕೆ ಬೇಯಿಸಿದಾಗ ಬಿಡುವ ರಸದಿಂದ ಬಂದ ಬಣ್ಣ. ಚೊಗರಿನಲ್ಲಿ ಒಗರು ಇರುತ್ತದೆ, ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಒಗರೂ ಕಬ್ಬಿಣವೂ ಸೇರಿದರೆ ಕಪ್ಪಾಗುತ್ತದೆ, ಹಿಂದಿನ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಹೀಗೇ. ತುಕ್ಕು ಹಿಡಿದ ಸರಿಗೆಯ ಮೇಲೆ ಒಣಗಲು ಹಾಕಿದರೂ ಇದೇ ಆಗುತ್ತದೆ. ಚುಕ್ಕೆ ತೆಗೆಯಲು ಹೋದರೆ ಸುತ್ತಲಿನ ಬಣ್ಣವೂ ಹೋದೀತು, ಬಿಟ್ಟುಬಿಡಿ. ಮುಂದೆ ಆ ಸೀರೆಗೆ ಮಳೆ ನೀರು ಹಿಡಿದಿಟ್ಟು ಬಳಸಿ. ಒಣಗಿಸಲು ನೈಲಾನ್ ಹಗ್ಗ ಕಟ್ಟಿ. ಸೋಡಾ ಇರುವ ಪೌಡರ್ ತಾಗಿಸಬೇಡಿ, ಕ್ಷಾರಕ್ಕೆ ಚೊಗರಿನ ಬಣ್ಣ ಬದಲಾಗುತ್ತದೆ.

ಪ್ರಶ್ನೆ: ಅಕ್ಕ, ನಾನು ರಿಕ್ಷಾ ಓಡಿಸುವವನು. ಖಾಕಿ ಅಂಗಿಯ ಬಲಭುಜ, ಬಲತೋಳು ಮಾತ್ರ ಬಿಳಿಯಾಗುತ್ತದೆ, ಉಳಿದದ್ದು ಸರಿ ಇರುತ್ತದೆ. ಹೊಸತು ಹೊಲಿಸಿದರೂ ಆರು ತಿಂಗಳಿಗೆ ಅದೇ ಅವಸ್ಥೆ. ಎಂತ ಮಾಡುವುದು?
— ಕಂಕನಾಡಿ, ಮಂಗಳೂರು

ಉತ್ತರ: ಅಣ್ಣ, ಭುಜಕ್ಕೆ ಬಿಸಿಲು ಬೀಳುತ್ತದೆ, ಅದರ ಮೇಲೆ ಬೆವರು. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದರೆ ಬಣ್ಣ ಒಣ ಬಟ್ಟೆಗಿಂತ ಬೇಗ ಹೋಗುತ್ತದೆ. ಬೆವರು ಹೀರಿದ ಅಂಗಿಯನ್ನು ರಾತ್ರಿ ಹಾಗೇ ಗೂಟಕ್ಕೆ ಸಿಕ್ಕಿಸಿ ಮರುದಿನ ಮತ್ತೆ ಹಾಕಿದರೆ ಇನ್ನೂ ಬೇಗ. ಮನೆಗೆ ಬಂದ ಕೂಡಲೇ ಸಾದಾ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಸೋಪು ದಿನಾ ಬೇಡ. ಒಣಗಲು ಹಾಕುವಾಗ ಒಳಮೈ ಹೊರಗೆ. ರಿಕ್ಷಾದ ಬಲಬದಿಗೆ ಮೇಲಿನಿಂದ ಒಂದು ಗೇಣು ರೆಕ್ಸಿನ್ ಇಳಿಬಿಟ್ಟರೆ ಅಂಗಿಗೂ ಒಳ್ಳೆಯದು, ನಿಮ್ಮ ಚರ್ಮಕ್ಕೂ ಒಳ್ಳೆಯದು. ಕನ್ನಡಿಗೆ ಮಾತ್ರ ಅಡ್ಡ ಬರಬಾರದು.

ಬಣ್ಣ ಹಾಕಿಸುವ ಯೋಚನೆ ಬೇಡ. ಯೂನಿಫಾರ್ಮ್ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಹತ್ತಿಯ ಬಣ್ಣ ಹಾಕಿದರೆ ಹತ್ತಿ ಮಾತ್ರ ಹಿಡಿಯುತ್ತದೆ. ಪಾಲಿಯೆಸ್ಟರಿಗೆ ಬಣ್ಣ ಹಿಡಿಯಬೇಕಾದರೆ ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿ ಶಾಖ ಬೇಕು. ಅದು ಕಾರ್ಖಾನೆಯ ಕೆಲಸ, ಮನೆಯದ್ದೂ ಅಲ್ಲ, ನನ್ನಂಥವರ ಅಂಗಡಿಯದ್ದೂ ಅಲ್ಲ. ಅಂದ ಹಾಗೆ, ಖಾಕಿಗೂ ನಿಮ್ಮ ಮಂಗಳೂರಿಗೂ ನಂಟು ಉಂಟು. ಬಾಸೆಲ್ ಮಿಷನ್‌ನವರ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ 1850ರ ದಶಕದಲ್ಲಿ ಖಾಕಿ ಬಣ್ಣ ತಯಾರಿಸಿದ ಕಥೆಯನ್ನು ಬಲ್ಮಠದ ಕಡೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ.

ಪ್ರಶ್ನೆ: ಜೀನ್ಸ್ ಬಣ್ಣ ಹೋಗದಂತೆ ಏನು ಮಾಡಬೇಕು?
— ಸುರತ್ಕಲ್

ಉತ್ತರ: ಕಡಿಮೆ ಒಗೆಯಬೇಕು, ಅಷ್ಟೇ. ಜೀನ್ಸ್‌ನ ನೀಲಿ, ಅಂದರೆ ಇಂಡಿಗೊ ಬಣ್ಣ, ನೂಲಿನ ಹೊರಮೈಯಲ್ಲಿ ಮಾತ್ರ ಇರುತ್ತದೆ, ಒಳಗೆ ಬಿಳಿ. ಉಜ್ಜಿದಷ್ಟೂ ಬಿಳಿ ಕಾಣುತ್ತದೆ. ಯಾವ ಉಪ್ಪು, ಯಾವ ವಿನೆಗರ್ ಹಾಕಿದರೂ ಇದು ನಿಲ್ಲುವುದಿಲ್ಲ. ಕೃತಕ ಇಂಡಿಗೊವನ್ನು 1897ರಲ್ಲಿ ಮಾರುಕಟ್ಟೆಗೆ ತಂದದ್ದು ಬಿಎಎಸ್‌ಎಫ್ ಕಂಪನಿ, ಅದರ ಒಂದು ಕಾರ್ಖಾನೆ ನಿಮ್ಮ ಊರಿನ ಹತ್ತಿರವೇ ಬಾಳದಲ್ಲಿದೆ.

ಪ್ರಶ್ನೆ: ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಮರುದಿನವೇ ಗೊತ್ತಿಲ್ಲದೆ ಬಟ್ಟೆ ನೆನೆಸಿಟ್ಟೆ. ಕಪ್ಪು ಟಾಪ್ ಅಲ್ಲಲ್ಲಿ ಕಿತ್ತಳೆ ಬಣ್ಣವಾಗಿದೆ, ಮಗನ ಬಿಳಿ ಅಂಗಿ ಹಳದಿಯಾಗಿದೆ. ಎರಡೂ ಸರಿಯಾಗುತ್ತದಾ?
— ಕಾಪು

ಉತ್ತರ: ಟಾಪಿನ ಬಣ್ಣ ಸತ್ತಿದೆ, ವಾಪಸ್ ಬರುವುದಿಲ್ಲ. ಕಡಿಮೆ ಬೆಲೆಯ ಕಪ್ಪು ಹತ್ತಿಗೆ ಹೆಚ್ಚಾಗಿ ಸಲ್ಫರ್ ಡೈ ಹಾಕಿರುತ್ತಾರೆ. ಒಗೆತಕ್ಕೆ ಅದು ಗಟ್ಟಿ, ಕ್ಲೋರಿನ್ ಕಂಡರೆ ಮುಗಿಯಿತು. ಮೇಲೆ ಬ್ರಹ್ಮಾವರದವರಿಗೆ ಹೇಳಿದ ಹಾಗೆ ಪೂರ್ತಿ ಕಪ್ಪು ಹಾಕಬಹುದು, ಬಟ್ಟೆ ಹತ್ತಿಯೇ ಆಗಿದ್ದರೆ. ಅನುಮಾನ ಇದ್ದರೆ ಒಳಗಿನಿಂದ ಎರಡು ನೂಲು ಕಿತ್ತು ಬೆಂಕಿಗೆ ಹಿಡಿಯಿರಿ. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಿಳಿ ಅಂಗಿಯ ಹಳದಿ ನೀರಿನ ಕಬ್ಬಿಣದ್ದು. ನೀರಿನಲ್ಲಿ ಕರಗಿ ಕಾಣದೆ ಇದ್ದ ಕಬ್ಬಿಣವನ್ನು ಬ್ಲೀಚಿಂಗ್ ಪೌಡರ್ ತುಕ್ಕಾಗಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ಹಳದಿ ಹೋಗಲಿ ಎಂದು ಇನ್ನಷ್ಟು ಬ್ಲೀಚ್ ಹಾಕುವವರಿದ್ದಾರೆ, ಅದು ಇನ್ನಷ್ಟು ಹಳದಿಯಾಗುತ್ತದೆ. ಇದಕ್ಕೆ ಬೇಕಾದದ್ದು ಹುಳಿ. ಮೊದಲು ಸಾದಾ ನೀರಿನಲ್ಲಿ ಬ್ಲೀಚಿನ ವಾಸನೆ ಪೂರ್ತಿ ಹೋಗುವವರೆಗೆ ಜಾಲಾಡಿ. ಆಮೇಲೆ ಲಿಂಬೆರಸ, ಉಪ್ಪು ಹಚ್ಚಿ ಒಂದೆರಡು ಗಂಟೆ ಬಿಸಿಲಿಗಿಟ್ಟು ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ. ಈ ಮದ್ದು ಬಿಳಿಗೆ ಮಾತ್ರ.

ಬ್ಲೀಚಿಂಗ್ ಪೌಡರ್ ಮತ್ತು ವಿನೆಗರ್, ಲಿಂಬೆ, ಟಾಯ್ಲೆಟ್ ಆಸಿಡ್ ಇವನ್ನು ಯಾವತ್ತೂ ಒಂದೇ ಬಾಲ್ದಿಯಲ್ಲಿ ಸೇರಿಸಬೇಡಿ. ಕ್ಲೋರಿನ್ ವಿಷಗಾಳಿ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಮುಂದಿನ ಸಲ ಬಾವಿಗೆ ಪೌಡರ್ ಹಾಕಿದರೆ ನೀರನ್ನು ಬಾಯಿ ಅಗಲದ ಪಾತ್ರೆಗಳಲ್ಲಿ ಒಂದು ದಿನ ತೆರೆದಿಟ್ಟು, ವಾಸನೆ ನೋಡಿ ಬಟ್ಟೆಗೆ ಬಳಸಿ.

ಪ್ರಶ್ನೆ: ಮೂರು ತಿಂಗಳು ಬಟ್ಟೆ ಒಳಗೇ ಒಣಗಿಸಿದೆವು. ತಿಳಿ ಬಣ್ಣದ ಅಂಗಿಗಳ ಮೇಲೆ ಕಪ್ಪು ಸಣ್ಣ ಚುಕ್ಕೆ ಬಂದಿವೆ.
— ಕುಂದಾಪುರ

ಉತ್ತರ: ಬೂಷ್ಟು. ಆಕ್ಸಿಜನ್ ಬ್ಲೀಚ್ ಎಂದು ಸಿಗುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ನಾಲ್ಕೈದು ಗಂಟೆ ನೆನೆಸಿ. ಹತ್ತಿಯ ಗಟ್ಟಿ ಬಣ್ಣಗಳಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಒಳಗಿನ ಹೊಲಿಗೆಯ ಮೇಲೆ ಒಂದು ತೊಟ್ಟು ಹಾಕಿ ನೋಡಿ. ರೇಷ್ಮೆಗೆ ಬೇಡ. ಹಳೇ ಚುಕ್ಕೆ ಪೂರ್ತಿ ಹೋಗದಿದ್ದರೆ ಒಪ್ಪಿಕೊಳ್ಳಬೇಕಾಗುತ್ತದೆ, ಎಳೆಯ ಒಳಗೆ ಇಳಿದದ್ದು ಬರುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆಯನ್ನು ಒಂದರ ಮೇಲೊಂದು ಹಾಕುವುದಕ್ಕಿಂತ ಕಡಿಮೆ ಒಗೆದು, ಫ್ಯಾನಿನ ಕೆಳಗೆ ಬಿಡಿಬಿಡಿಯಾಗಿ ಹಾಕುವುದು ಮೇಲು.

ಪ್ರಶ್ನೆ: ಬಿಳಿ ಪಂಚೆಗೆ ಅರಸಿನ ತಾಗಿತ್ತು. ಸೋಪು ಹಚ್ಚಿದ ಕೂಡಲೇ ರಕ್ತದಂತೆ ಕೆಂಪಾಯಿತು. ಪಂಚೆ ಹಾಳಾಯಿತಾ?
— ಬಂಟ್ವಾಳ

ಉತ್ತರ: ಇಲ್ಲ. ಅರಸಿನ ಸೋಪಿನ ಕ್ಷಾರಕ್ಕೆ ಕೆಂಪಾಗುತ್ತದೆ, ತೊಳೆದರೆ ಮತ್ತೆ ಹಳದಿಯಾಗುತ್ತದೆ. ಸೋಪು ಪೂರ್ತಿ ತೆಗೆದು ಒದ್ದೆ ಪಂಚೆಯನ್ನು ಸುಡು ಬಿಸಿಲಿಗೆ ಹಾಕಿ. ಅರಸಿನದ ಬಣ್ಣ ಬಿಸಿಲು ತಡೆಯುವುದಿಲ್ಲ, ಒಂದೆರಡು ದಿನಕ್ಕೆ ಹೋಗುತ್ತದೆ. ಅಂಚಿಗೆ ಬಣ್ಣ ಇದ್ದರೆ ಆ ಭಾಗವನ್ನು ಮಾತ್ರ ಮಡಚಿ ಮೇಲೊಂದು ಬಟ್ಟೆ ಮುಚ್ಚಿ.